ತೊಗರಿಯ ನೆಟೆಯೂ ಹೊಲದ ದಾಖಲೆಯೂ

ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ, ಬೆಳೆಗಳ ಆರೋಗ್ಯಕ್ಕಾಗಿಯೇ ದುಡಿಯುವ ಆ ವಿದ್ಯಾಕ್ಷೇತ್ರದಲ್ಲಿ, ಬುದ್ಧಿಪೂರ್ವಕವಾಗಿ ರೋಗವನ್ನು ಸಾಕಿದ ಭೂಮಿಯೂ ಉಂಟೆಂದರೆ ಕೇಳಿದವರಿಗೆ ಸೋಜಿಗವಾದೀತು. ತೊಗರಿಯನ್ನು ಸೊರಗಿಸುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರವನ್ನು ಮಣ್ಣಿನಲ್ಲಿ ನೆಲೆಗೊಳಿಸಿ, ಅದರಲ್ಲಿಯೇ ತಳಿಗಳನ್ನು ಬಿತ್ತಿ, ಸಾಯದೆ ಉಳಿದುದನ್ನು ಆರಿಸಿಕೊಳ್ಳುವ ನಿಷ್ಠುರ ಪರೀಕ್ಷೆಯದು. ಅಂತಹ ಪರೀಕ್ಷೆಯನ್ನು ಗೆದ್ದ ಐಸಿಪಿ 8863 ತಳಿಯೇ 1986ರಲ್ಲಿ ‘ಮಾರುತಿ’ಯೆಂಬ ಹೆಸರಿನಿಂದ ಕರ್ನಾಟಕದ ಹೊಲಗಳಿಗೆ ಬಂದಿತು.

ಕಲಬುರಗಿಯ ರೈತರು ನೆಟೆ ರೋಗವೆನ್ನುವ ಈ ವ್ಯಾಧಿ ಗಿಡ ಹೂವಾಡುವ, ಕಾಯಿಕಟ್ಟುವ ಹೊತ್ತಿಗೆ ಕಣ್ಣಿಗೆ ಬೀಳುವುದು; ಬುಡದಿಂದ ಮೇಲೇರಿದ ನೇರಳೆ ಪಟ್ಟೆಯನ್ನೂ, ಸೀಳಿದ ಕಾಂಡದೊಳಗಿನ ಕಂದುಬಣ್ಣವನ್ನೂ ಕಾಣುವಷ್ಟರಲ್ಲಿ ಔಷಧೋಪಚಾರದ ಕಾಲ ಮೀರಿರುತ್ತದೆ. ಕೊಯ್ದ ಕೂಳೆಯಲ್ಲಿ ಶಿಲೀಂಧ್ರವು ಮೂರು ವರ್ಷಗಳಷ್ಟು ಕಾಲ ಜೀವ ಹಿಡಿದಿರಬಲ್ಲದಾದುದರಿಂದ, ಚಿಕಿತ್ಸೆ ಬೇಕಾದದ್ದು ಗಿಡಕ್ಕಿಂತಲೂ ಹೊಲಕ್ಕೆ. ಇದರ ಜೊತೆಗೆ, ತೇವವಾರಿ ಬಿಸಿಲೇರಿದಾಗ ಬರುವ ಒಣ ಬೇರುಕೊಳೆಯೂ ದೂರದ ನೋಟಕ್ಕೆ ನೆಟೆಯಂತೆಯೇ ತೋರುವುದು. ಅದು ಬೇರೊಂದು ಶಿಲೀಂಧ್ರದ ಕೃತ್ಯವಾದ ಕಾರಣ ನೆಟೆನಿರೋಧಕ ತಳಿಯನ್ನು ನಂಬಿ ನಿಶ್ಚಿಂತರಾಗಿ ಕೂರುವಂತಿಲ್ಲ.

2022ರ ಹಂಗಾಮಿನಲ್ಲಿ ಕಲಬುರಗಿ ಸೀಮೆಯ ತೊಗರಿ ನೆಟೆಗೆ ತುತ್ತಾದಾಗ ಸರ್ಕಾರವು ಪರಿಹಾರಧನವನ್ನು ಘೋಷಿಸಿತು. ಅದು ನ್ಯಾಯವೇ, ಆದರೆ ಯಾವ ಹೊಲದ ಮಣ್ಣು ಎಷ್ಟು ಕೆಟ್ಟಿದೆಯೆಂಬ ಲೆಕ್ಕವಿಲ್ಲದೆ ಹಂಚಿದ ಹಣ ಮುಂದಿನ ಬಿತ್ತನೆಗೆ ಯಾವ ದಾರಿಯನ್ನೂ ತೋರದು. ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ, ಸಾಸಿವೆಯ ಕುಲದ ಕ್ಯಾನೋಲಾ ಬೆಳೆಯ ಬೇರುಗಳು ಗದೆಯಂತೆ ಊದಿಕೊಳ್ಳುವ ರೋಗವು 2003ರಲ್ಲಿ ಎಡ್ಮಂಟನ್ ಬಳಿ ಕಾಣಿಸಿಕೊಂಡಾಗ, 2007ರಲ್ಲಿ ಅದನ್ನು ಪೀಡೆಗಳ ಕಾಯಿದೆಯಡಿ ತಂದು, ಹೊಲ ಹೊಲವನ್ನು ಪರೀಕ್ಷಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ವಹಿಸಿದರು. ಹೊಲದಿಂದ ಹೊಲಕ್ಕೆ ಹೋಗುವ ಯಂತ್ರಗಳ ಮಣ್ಣನ್ನು ತೊಳೆಯಬೇಕೆಂಬ ಎಚ್ಚರವೂ ಅಲ್ಲಿ ಬೇರೂರಿತು.

ನಮ್ಮಲ್ಲಿ ಹೊಸ ಇಲಾಖೆಯೇನೂ ಬೇಡ. ಪ್ರತಿ ಹಂಗಾಮಿನಲ್ಲಿಯೂ ಸರ್ವೆ ನಂಬರುವಾರು ಬೆಳೆ ಸಮೀಕ್ಷೆ ನಡೆಯುತ್ತಿರುವಾಗ, ತೊಗರಿ ಕಾಯಿಕಟ್ಟುವ ಕಾಲದಲ್ಲಿ ನೂರು ಗಿಡಗಳಿಗೆ ಸೊರಗಿದವೆಷ್ಟೆಂಬ ಒಂದು ಅಂಕಣವನ್ನು ಸೇರಿಸಿದರೆ ಸಾಕು. ಅಂಕ ಹೆಚ್ಚಿದ ಹೊಲದಲ್ಲಿ ಒಂದು ವರ್ಷ ಜೋಳ ಬಿತ್ತಿದರೂ ನೆಟೆ ಇಳಿಯುವುದನ್ನು ಪಟಾನ್‌ಚೆರುವಿನ ಪ್ರಯೋಗಗಳೇ ತೋರಿಸಿವೆ. ತೊಗರಿಯ ಧಾರಣೆ ಏರಿದ ವರ್ಷ ಜೋಳ ಬಿತ್ತೆಂದು ಹೇಳುವುದು, ಹೇಳುವವನಿಗೆ ಸುಲಭ. ಪರಿಹಾರಕ್ಕೆ ತೆಗೆದಿರಿಸುವ ಹಣದ ಒಂದಂಶ ಆ ವರ್ಷದ ನಷ್ಟವನ್ನು ತುಂಬಿದರೆ ಮಾತ್ರ ರೈತ ಒಪ್ಪಿಯಾನು. ದಾಖಲೆಯಾದರೆ ಭೂಮಿಯ ಬೆಲೆ ಕುಸಿದೀತೆಂಬ ಅವನ ಅಂಜಿಕೆಯೂ ಸಹಜವೇ, ಆದುದರಿಂದ ಪ್ರಕಟವಾಗಬೇಕಾದದ್ದು ಗ್ರಾಮದ ಸರಾಸರಿ ಮಾತ್ರ. ಹೊಲದ ಅಂಕ ಹೊಲದವನಿಗೂ ರೈತ ಸಂಪರ್ಕ ಕೇಂದ್ರಕ್ಕೂ ತಿಳಿದಿದ್ದರಾಯಿತು.