‘ನಾಟ್’ ಪದದ ಸ್ಥಾನ

ಇಂಗ್ಲಿಷಿನ ನಿಷೇಧವಾಕ್ಯವನ್ನು ಬೋಧಿಸುವಾಗ ‘ನಾಟ್’ ಪದವನ್ನು ಸೇರಿಸುವ ಕ್ರಮವನ್ನು ಹೇಳಿದರೆ ಸಾಲದು. ಅದು ಯಾವುದನ್ನು ನಿಷೇಧಿಸುತ್ತದೆಂಬುದನ್ನೂ ವಿವರಿಸಬೇಕು. ಆಂಗ್ಲ ನ್ಯಾಯಾಲಯದಲ್ಲಿ ‘ದ ಜ್ಯೂರಿ ಫೌಂಡ್ ಹಿಮ್ ನಾಟ್ ಗಿಲ್ಟಿ’ ಎಂದರೆ ಆರೋಪಿಯು ದೋಷಮುಕ್ತನು. ಇಲ್ಲಿ ನಿಷೇಧವು ‘ಗಿಲ್ಟಿ’ ಎಂಬ ಕರ್ಮಪೂರಕಕ್ಕೆ ಸೇರಿದುದು. ‘ದ ಜ್ಯೂರಿ ಡಿಡ್ ನಾಟ್ ಫೈಂಡ್ ಹಿಮ್ ಗಿಲ್ಟಿ’ ಎಂಬಲ್ಲಿ ನಿಷೇಧವು ಕ್ರಿಯಾಪದಕ್ಕೆ ಸೇರಿದುದು. ಜ್ಯೂರಿಯವರು ನಿರ್ಣಯಕ್ಕೇ ಬಾರದೆ ಮರುವಿಚಾರಣೆ ನಡೆಯುವ ಸಂಭವವೂ ಉಂಟು. ಡೆನ್ಮಾರ್ಕಿನ ವೈಯಾಕರಣ ಓಟೊ ಯೆಸ್ಪರ್ಸನ್ ಅವರು 1917ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಎರಡು ಬಗೆಯ ನಿಷೇಧಗಳನ್ನು ಬೇರ್ಪಡಿಸಿದ್ದಾರೆ. ಕನ್ನಡದ ಮಕ್ಕಳಿಗೆ ಈ ಭೇದ ಅಪರಿಚಿತವಲ್ಲ: ‘ಅಪರಾಧಿಯಲ್ಲವೆಂದು ತೀರ್ಮಾನಿಸಿದರು’ ಎಂಬುದು ಬೇರೆ, ‘ಅಪರಾಧಿಯೆಂದು ತೀರ್ಮಾನಿಸಲಿಲ್ಲ’ ಎಂಬುದು ಬೇರೆ. ಒಬ್ಬನ ಬಿಡುಗಡೆಯೇ ಒಂದು ಪದದ ಸ್ಥಾನವನ್ನು ಅವಲಂಬಿಸಿರುವಾಗ, ‘ಅಲ್ಲ’, ‘ಇಲ್ಲ’ಗಳ ವಿವೇಕದಿಂದಲೇ ಇಂಗ್ಲಿಷ್ ಪಾಠವನ್ನು ಆರಂಭಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.