ಸುಡಾನಿನ ಸತ್ತವರನ್ನು ಎಣಿಸುವವರಾರು?

2023ರ ಎಪ್ರಿಲ್ 15ರಂದು, ರಮಝಾನಿನ ಕೊನೆಯ ಹತ್ತರಲ್ಲಿ, ಸುಡಾನಿನ ರಾಜಧಾನಿ ಖಾರ್ತೂಮಿನ ಬೀದಿಗಳಲ್ಲಿ ಎರಡು ಸೈನ್ಯಗಳು ಪರಸ್ಪರ ಗುಂಡು ಹಾರಿಸತೊಡಗಿದವು. ಒಂದೆಡೆ ಜನರಲ್ ಅಬ್ದುಲ್ ಫತ್ತಾಹ್ ಅಲ್ ಬುರ್ಹಾನ್‌ರ ಸರಕಾರಿ ಸೇನೆ. ಇನ್ನೊಂದೆಡೆ ಹಿಮೇದ್ತಿ ಎಂದು ಕರೆಯಲ್ಪಡುವ ಮುಹಮ್ಮದ್ ಹಮ್ದಾನ್ ದಗಾಲೊರ ಅರೆಸೇನಾ ಪಡೆ ಆರ್‌ಎಸ್‌ಎಫ್. 2021ರ ಅಕ್ಟೋಬರಿನಲ್ಲಿ ಒಂದಾಗಿ ನಾಗರಿಕ ಆಡಳಿತವನ್ನು ಉರುಳಿಸಿದವರೇ, ಕಸಿದುಕೊಂಡ ಅಧಿಕಾರವನ್ನು ಹಂಚಿಕೊಳ್ಳಲಾಗದೆ ಕಾದಾಟಕ್ಕಿಳಿದರು. ಅಂದಿನಿಂದ ಈ ಯುದ್ಧದಲ್ಲಿ ಸತ್ತವರೆಷ್ಟು? ಈ ಸರಳ ಪ್ರಶ್ನೆಗೆ ಜಗತ್ತಿನ ಬಳಿ ಒಂದು ಉತ್ತರವಿಲ್ಲ. 2024ರಲ್ಲಿ ಒಂದು ಲೆಕ್ಕ 20 ಸಾವಿರವನ್ನು ಹೇಳಿತು. ಅದೇ ವರ್ಷ ಅಮೇರಿಕದ ವಿಶೇಷ ಪ್ರತಿನಿಧಿ ಟಾಮ್ ಪೆರಿಯೆಲ್ಲೊ ಅದು ಒಂದೂವರೆ ಲಕ್ಷವಿರಬಹುದು ಎಂದರು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಮನುಷ್ಯರು ಅಡಗಿರಬಹುದು. ಅವರು ಸತ್ತರೋ ಬದುಕಿದ್ದಾರೋ ಎಂದು ಕೇಳುವವರೂ ಇಲ್ಲದಂತಾಗಿದೆ.

ಯುದ್ಧದ ಸಾವುಗಳನ್ನು ಲೆಕ್ಕ ಹಾಕುವುದಕ್ಕೆ ಇಂದು ಒಂದು ಶಾಸ್ತ್ರವೇ ಬೆಳೆದಿದೆ. ಎಸಿಎಲ್‌ಇಡಿ ಎಂಬ ಸಂಸ್ಥೆಯು ಪ್ರತಿಯೊಂದು ಘಟನೆಯನ್ನೂ ಪ್ರತ್ಯೇಕವಾಗಿ ದಾಖಲಿಸುತ್ತದೆ: ದಿನಾಂಕ, ಊರು, ಪ್ರಾಂತ, ಯಾರು ಯಾರ ಮೇಲೆ ಎರಗಿದರು, ಎಷ್ಟು ಮಂದಿ ಸತ್ತರು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯವೂ ಇಂತಹದೇ ಕೆಲಸವನ್ನು ದಶಕಗಳಿಂದ ಮಾಡುತ್ತಾ ಬಂದಿದೆ. ಇವರ ಮೂಲ ಸ್ಥಳೀಯ ಪತ್ರಿಕೆಗಳು, ವೈದ್ಯರ ಸಂಘಟನೆಗಳು, ಮಾನವ ಹಕ್ಕು ಕಾರ್ಯಕರ್ತರು ಮತ್ತು ಮೊಹಲ್ಲಾಗಳ ಸ್ವಯಂಸೇವಕರು. ವರದಿಗಳು ಭಿನ್ನವಾಗಿದ್ದರೆ ಇವರು ಸಾಮಾನ್ಯವಾಗಿ ಚಿಕ್ಕ ಅಂಕಿಯನ್ನೇ ಆರಿಸಿಕೊಳ್ಳುತ್ತಾರೆ. ಆದ್ದರಿಂದ ಇವರ ಮೊತ್ತವನ್ನು ಸತ್ತವರ ಸಂಖ್ಯೆ ಎಂದು ಓದುವುದು ತಪ್ಪು. ಅದು ಕಡೇಪಕ್ಷ ಇಷ್ಟು ಮಂದಿಯಾದರೂ ಸತ್ತಿದ್ದಾರೆ ಎಂಬುದರ ಲೆಕ್ಕ.

ಒಂದು ಸಾವು ಈ ಪಟ್ಟಿಗೆ ಸೇರಬೇಕಾದರೆ ಏನೆಲ್ಲ ಬೇಕು ಎಂದು ಯೋಚಿಸಿ. ಅದನ್ನು ಕಂಡ ಒಬ್ಬನಾದರೂ ಬದುಕುಳಿದಿರಬೇಕು. ಅವನ ಬಳಿ ಫೋನು ಇರಬೇಕು, ಫೋನಿಗೆ ಸಂಪರ್ಕವಿರಬೇಕು. ಹೆಣವನ್ನು ಒಯ್ಯಲು ಆಸ್ಪತ್ರೆ ಇರಬೇಕು, ಆಸ್ಪತ್ರೆಗೆ ದಾರಿ ಇರಬೇಕು. ಸುಡಾನಿನಲ್ಲಿ 2024ರ ಫೆಬ್ರವರಿಯಲ್ಲಿ ದೇಶದ ಬಹುಭಾಗದ ದೂರಸಂಪರ್ಕವೇ ಕಡಿದುಹೋಗಿತ್ತು. ಖಾರ್ತೂಮಿನಲ್ಲಿ ಖಬರಸ್ತಾನಕ್ಕೆ ಹೋಗಲಾಗದೆ ಜನರು ತಮ್ಮವರನ್ನು ಮನೆಯಂಗಳದಲ್ಲಿ, ಶಾಲೆಯ ಬಯಲಲ್ಲಿ, ರಸ್ತೆಯ ಬದಿಯಲ್ಲಿ ದಫನ ಮಾಡಿದರು. ಇಂತಹ ಸಾವು ಯಾವ ಪಟ್ಟಿಗೆ ಸೇರೀತು?

ಲಂಡನಿನ ಸ್ಕೂಲ್ ಆಫ್ ಹೈಜಿನ್ ಆಂಡ್ ಟ್ರಾಪಿಕಲ್ ಮೆಡಿಸಿನ್‌ನ ಸಂಶೋಧಕರು 2024ರ ನವೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವು ಈ ಪ್ರಶ್ನೆಗೆ ಕಳವಳಕಾರಿ ಉತ್ತರವನ್ನು ಕೊಟ್ಟಿತು. ಅವರ ವಿಧಾನ ಸರಳ. ಬೇರೆ ಬೇರೆ ಮೂಲಗಳಿಂದ ಸತ್ತವರ ಹೆಸರುಗಳ ಪಟ್ಟಿಗಳನ್ನು ಸಂಗ್ರಹಿಸಿ ಹೋಲಿಸುವುದು. ಒಂದು ಪಟ್ಟಿಯಲ್ಲಿರುವ ಹೆಸರುಗಳು ಇನ್ನೊಂದರಲ್ಲೂ ಬಹಳವಾಗಿ ಕಂಡುಬಂದರೆ ಲೆಕ್ಕ ಹೆಚ್ಚುಕಡಿಮೆ ಪೂರ್ಣವಾಗಿದೆ ಎಂದರ್ಥ. ಹೆಸರುಗಳು ಕೂಡಿಬರುವುದೇ ವಿರಳವಾದರೆ ಎರಡೂ ಪಟ್ಟಿಗಳ ಹೊರಗೆ ದೊಡ್ಡದೊಂದು ಸಮೂಹ ಉಳಿದಿದೆ ಎಂದರ್ಥ. ಈ ಲೆಕ್ಕದ ಪ್ರಕಾರ, ಯುದ್ಧದ ಮೊದಲ 14 ತಿಂಗಳಲ್ಲಿ ಖಾರ್ತೂಮ್ ಪ್ರಾಂತವೊಂದರಲ್ಲೇ ಎಲ್ಲ ಕಾರಣಗಳಿಂದ 61 ಸಾವಿರಕ್ಕೂ ಅಧಿಕ ಮಂದಿ ಸತ್ತಿದ್ದರು. ಅವರಲ್ಲಿ ಸುಮಾರು 26 ಸಾವಿರ ಮಂದಿ ನೇರ ಹಿಂಸೆಗೆ ಬಲಿಯಾದವರು. ಅದೇ ಅವಧಿಗೆ ಇಡೀ ದೇಶದಿಂದ ದಾಖಲಾಗಿದ್ದ ಹಿಂಸೆಯ ಸಾವುಗಳು ಸುಮಾರು 20 ಸಾವಿರ. ಅಂದರೆ ರಾಜಧಾನಿಯ ಅಂದಾಜೇ ರಾಷ್ಟ್ರದ ಲೆಕ್ಕವನ್ನು ಮೀರಿತ್ತು. ಖಾರ್ತೂಮಿನ ಸಾವುಗಳಲ್ಲಿ ಶೇ. 90ಕ್ಕೂ ಹೆಚ್ಚು ಎಲ್ಲಿಯೂ ದಾಖಲಾಗಿರಲಿಲ್ಲವೆಂದು ಅಧ್ಯಯನ ಹೇಳಿತು. ರಾಜಧಾನಿಯ ಪಾಡು ಇದಾದರೆ ದಾರ್ಫುರಿನ ಹಳ್ಳಿಗಳ ಪಾಡನ್ನು ಊಹಿಸಬಹುದು.

ಸುಡಾನಿನ 18 ಪ್ರಾಂತಗಳ ಸಾವುಗಳನ್ನು ಒಂದೇ ಮೊತ್ತದಲ್ಲಿ ಕೂಡಿಸಿಬಿಟ್ಟರೆ ಸತ್ಯದ ಅರ್ಧ ಮರೆಯಾಗುತ್ತದೆ. ಏಕೆಂದರೆ ಅಲ್ಲಿ ನಡೆದಿರುವುದು ಒಂದೇ ಬಗೆಯ ಯುದ್ಧವಲ್ಲ. ಖಾರ್ತೂಮಿನಲ್ಲಿ ಜನವಸತಿಗಳ ಮೇಲೆ ಶೆಲ್ ಮತ್ತು ಬಾಂಬುಗಳು ಬಿದ್ದವು. ಪಶ್ಚಿಮ ದಾರ್ಫುರಿನ ಅಲ್ ಜುನೈನಾದಲ್ಲಿ 2023ರಲ್ಲಿ ಮಸಾಲೀತ್ ಜನಾಂಗದವರನ್ನು ಹುಡುಕಿ ಹುಡುಕಿ ಕೊಲ್ಲಲಾಯಿತು. ಆ ಒಂದೇ ನಗರದಲ್ಲಿ 10ರಿಂದ 15 ಸಾವಿರ ಮಂದಿ ಹತರಾದರೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಗೆ ತಿಳಿದುಬಂತು. ಪ್ರಾಂತದ ಗವರ್ನರ್ ಖಮೀಸ್ ಅಬಕ್ಕರ್ ಈ ಕೊಲೆಗಳ ಬಗ್ಗೆ ಟಿ.ವಿ. ವಾಹಿನಿಯೊಂದಿಗೆ ಮಾತನಾಡಿದ ಕೆಲವೇ ತಾಸುಗಳಲ್ಲಿ ಕೊಲೆಯಾದರು. ನೈಲ್ ನದಿಯ ಕೃಷಿಭೂಮಿಯಾದ ಅಲ್ ಜಝೀರಾದಲ್ಲಿ ಹಳ್ಳಿಗಳ ಲೂಟಿ ನಡೆಯಿತು. 2024ರ ಜೂನಿನಲ್ಲಿ ವದ್ ಅನ್ನೂರಾ ಎಂಬ ಹಳ್ಳಿಯೊಂದರಲ್ಲೇ ನೂರಕ್ಕೂ ಅಧಿಕ ಮಂದಿ ಹತರಾದರು. ಕುರ್ದುಫಾನಿನಲ್ಲಿ ಮುತ್ತಿಗೆ ಮತ್ತು ಹಸಿವು ಕೋವಿಗಿಂತ ಕಡಿಮೆಯೇನೂ ಕೊಲ್ಲಲಿಲ್ಲ. ಸರಕಾರಿ ಸೇನೆಯ ಕೈಯೂ ಶುಭ್ರವಲ್ಲ. 2025ರ ಮಾರ್ಚಿನಲ್ಲಿ ಉತ್ತರ ದಾರ್ಫುರಿನ ತೋರಾ ಎಂಬಲ್ಲಿ ಸಂತೆಯ ಮೇಲೆ ಅದು ನಡೆಸಿದ ವಾಯುದಾಳಿಯಲ್ಲಿ ಅಪಾರ ಜೀವಹಾನಿಯಾಯಿತು. ಪ್ರಾಂತವಾರು ಲೆಕ್ಕವಿದ್ದಾಗ ಮಾತ್ರ ಯಾರು, ಎಲ್ಲಿ, ಯಾರನ್ನು, ಏಕೆ ಕೊಂದರು ಎಂಬುದು ತಿಳಿಯುತ್ತದೆ. ಬರಿಯ ಮೊತ್ತವು ಕೊಂದವರ ಹೆಸರನ್ನು ಹೇಳುವುದಿಲ್ಲ.

ಅಲ್ ಫಾಶಿರ್ ನಗರದ ಕತೆಯನ್ನಂತೂ ಪ್ರತ್ಯೇಕವಾಗಿ ಹೇಳಬೇಕು. ಐನೂರಕ್ಕೂ ಹೆಚ್ಚು ದಿನಗಳ ಮುತ್ತಿಗೆಯ ಬಳಿಕ 2025ರ ಅಕ್ಟೋಬರ್ 26ರಂದು ಅದು ಆರ್‌ಎಸ್‌ಎಫ್ ವಶವಾಯಿತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ 460ಕ್ಕೂ ಅಧಿಕ ರೋಗಿಗಳು ಮತ್ತು ಅವರ ಜೊತೆಗಿದ್ದವರು ಹತರಾದ ವರದಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಮುಂದಿಟ್ಟಿತು. ಸುದ್ದಿಗಾರರಾಗಲಿ ವೈದ್ಯರಾಗಲಿ ಒಳಹೋಗಲಾಗದಿದ್ದಾಗ ಅಮೇರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿ, ನೆಲದ ಮೇಲೆ ಶವಗಳ ಗಾತ್ರದ ಆಕೃತಿಗಳನ್ನೂ ಕೆಂಪಾದ ಮಣ್ಣನ್ನೂ ಗುರುತಿಸಿದರು. ಕೊಂದವರು ತಮ್ಮ ಕೃತ್ಯವನ್ನು ತಾವೇ ಚಿತ್ರೀಕರಿಸಿ ಹಂಚಿಕೊಂಡರು. ಮನುಷ್ಯನ ಸಾವಿಗೆ ಮನುಷ್ಯರು ಸಾಕ್ಷಿಯಾಗಲು ಸಾಧ್ಯವಾಗದೆ, ಆಕಾಶದಲ್ಲಿರುವ ಯಂತ್ರ ಮತ್ತು ಕೊಲೆಗಾರನ ಕ್ಯಾಮರಾ ಮಾತ್ರ ಸಾಕ್ಷಿಯಾಗುವ ಸ್ಥಿತಿಗೆ ನಾವು ಬಂದು ಮುಟ್ಟಿದ್ದೇವೆ.

ಸತ್ತವರನ್ನು ಎಣಿಸಿ ಏನು ಪ್ರಯೋಜನ, ಅವರು ಮರಳಿ ಬರುತ್ತಾರೆಯೇ ಎಂದು ಕೇಳುವವರಿದ್ದಾರೆ. ನಮ್ಮ ಊರುಗಳಲ್ಲಿ ಒಬ್ಬರು ತೀರಿಕೊಂಡರೆ ಮಸೀದಿಯಿಂದ ಘೋಷಣೆಯಾಗುತ್ತದೆ, ಜಮಾಅತಿನವರು ಸೇರುತ್ತಾರೆ, ನಗರಸಭೆಯಿಂದ ಮರಣ ಪ್ರಮಾಣಪತ್ರ ಬರುತ್ತದೆ. ಆ ಒಂದು ಕಾಗದದ ಮೇಲೆ ಎಷ್ಟೆಲ್ಲ ನಿಂತಿದೆಯೆಂಬುದು ಅದಿಲ್ಲದವರಿಗೇ ಗೊತ್ತು. ಗಂಡ ಸತ್ತನೋ ಕಾಣೆಯಾದನೋ ಎಂದು ಖಚಿತವಾಗದ ಹೆಣ್ಣು ಇದ್ದತ್ ಕುಳಿತುಕೊಳ್ಳುವುದು ಯಾವ ದಿನದಿಂದ? ಅನಾಥ ಮಕ್ಕಳಿಗೆ ಆಸ್ತಿಯ ಪಾಲು ಸಿಗುವುದು ಹೇಗೆ? ಮಗನಿಗಾಗಿ ಜನಾಝ ನಮಾಝ್ ನಿರ್ವಹಿಸಬೇಕೋ, ಅವನು ಮರಳಿ ಬರಲೆಂದು ದುಆ ಮಾಡಬೇಕೋ ಎಂದು ತಿಳಿಯದ ತಾಯಿಯ ಸಂಕಟಕ್ಕೆ ಕೊನೆಯೆಲ್ಲಿ? ಎಣಿಕೆ ಎಂಬುದು ಸತ್ತವರಿಗಿಂತ ಹೆಚ್ಚಾಗಿ ಬದುಕುಳಿದವರ ಹಕ್ಕು.

ನ್ಯಾಯದ ಪ್ರಶ್ನೆಯೂ ಇದೆ. 2003ರಲ್ಲಿ ಆರಂಭವಾದ ದಾರ್ಫುರ್ ಯುದ್ಧದಲ್ಲಿ ಮೂರು ಲಕ್ಷ ಮಂದಿ ಸತ್ತಿರಬಹುದೆಂದು 2008ರಲ್ಲಿ ವಿಶ್ವಸಂಸ್ಥೆ ಅಂದಾಜಿಸಿದಾಗ ಉಮರ್ ಅಲ್ ಬಶೀರ್‌ರ ಸರಕಾರ ಒಪ್ಪಿಕೊಂಡದ್ದು ಬರಿಯ ಹತ್ತು ಸಾವಿರವನ್ನು. ಅಂದು ಹಳ್ಳಿಗಳನ್ನು ಸುಟ್ಟ ಜಂಜವೀದ್ ಗುಂಪುಗಳಿಂದಲೇ 2013ರಲ್ಲಿ ಆರ್‌ಎಸ್‌ಎಫ್ ಕಟ್ಟಲ್ಪಟ್ಟಿತು. ಸುಳ್ಳು ಲೆಕ್ಕಕ್ಕೆ ಶಿಕ್ಷೆಯಾಗದಿದ್ದಾಗ ಕೊಲೆಗಾರನಿಗೆ ಸಮವಸ್ತ್ರ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದರೆ ಊರೂರಿನ ಸಾಕ್ಷ್ಯವನ್ನು ಕಾಪಾಡಿಕೊಂಡವರ ಶ್ರಮ ವ್ಯರ್ಥವಾಗಲಿಲ್ಲ. ಜಂಜವೀದ್ ನಾಯಕ ಅಲಿ ಕುಶೈಬ್‌ನನ್ನು ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ 27 ಆರೋಪಗಳಲ್ಲಿ ತಪ್ಪಿತಸ್ಥನೆಂದು ತೀರ್ಪಿತ್ತಿತು, ಡಿಸೆಂಬರಿನಲ್ಲಿ 20 ವರ್ಷಗಳ ಸೆರೆವಾಸ ವಿಧಿಸಿತು. ತೀರ್ಪಿಗೆ ಎರಡು ದಶಕ ಬೇಕಾಯಿತು, ನಿಜ. ದಾಖಲೆ ಇಲ್ಲದಿರುತ್ತಿದ್ದರೆ ಎರಡು ಶತಮಾನಗಳಾದರೂ ಅದು ಬರುತ್ತಿರಲಿಲ್ಲ.

ಇನ್ನು ನಮ್ಮ ಸಮುದಾಯದ ಮಾತು. ಗಾಝಾದ ಸಾವುಗಳ ಬಗ್ಗೆ ಜಗತ್ತು ಸಂದೇಹ ವ್ಯಕ್ತಪಡಿಸಿದಾಗ ಅಲ್ಲಿನ ಆರೋಗ್ಯ ಸಚಿವಾಲಯವು 2023ರ ಅಕ್ಟೋಬರಿನಲ್ಲೇ ಹೆಸರು, ವಯಸ್ಸು, ಗುರುತುಸಂಖ್ಯೆ ಸಹಿತ ಪಟ್ಟಿಯನ್ನು ಹೊರತಂದಿತು. ಆ ಅಂಕಿಗಳು ನಮ್ಮ ಮಕ್ಕಳಿಗೂ ಬಾಯಿಪಾಠವಾಗಿವೆ. ಅದು ಸರಿಯೇ. ಗಾಝಾಕ್ಕಾಗಿ ಮಿಡಿದದ್ದು ಹೆಚ್ಚಾಯಿತು ಎಂದು ನಾವು ಹೇಳುತ್ತಿಲ್ಲ. ಸುಡಾನಿನ ವಿಷಯದಲ್ಲಿ ನಮ್ಮ ಮಿಂಬರುಗಳೂ ವೇದಿಕೆಗಳೂ ಏಕೆ ಮೌನವಾದವು ಎಂದು ಕೇಳುತ್ತಿದ್ದೇವೆ. ಅಲ್ಲಿ ಕೊಂದವನೂ ಸತ್ತವನೂ ಒಂದೇ ಕಿಬ್ಲಾದ ಕಡೆಗೆ ಮುಖ ಮಾಡಿದವರು ಎಂಬ ಕಾರಣಕ್ಕೋ? ಬೊಟ್ಟು ಮಾಡಿ ತೋರಿಸಲು ಹೊರಗಿನ ವೈರಿ ಸಿಗಲಿಲ್ಲವೆಂದೋ? ಹೊರಗಿನವರ ಕೈ ಇಲ್ಲವೆಂದೇನೂ ಅಲ್ಲ. ಸುಡಾನಿನ ಚಿನ್ನದ ದೊಡ್ಡ ಪಾಲು ತಲಪುವುದು ಯುಎಇಯ ಮಾರುಕಟ್ಟೆಗೆ. ಆ ದೇಶವು ಆರ್‌ಎಸ್‌ಎಫ್‌ಗೆ ಶಸ್ತ್ರಾಸ್ತ್ರ ಒದಗಿಸಿದೆಯೆಂಬ ಆರೋಪವನ್ನು ವಿಶ್ವಸಂಸ್ಥೆಯ ತಜ್ಞರು ನಂಬಲರ್ಹವೆಂದಿದ್ದಾರೆ. ಯುಎಇ ಅದನ್ನು ನಿರಾಕರಿಸುತ್ತಲೇ ಬಂದಿದೆ. ಗಲ್ಫಿನಲ್ಲಿ ಅನ್ನ ಕಂಡುಕೊಂಡ ಕುಟುಂಬಗಳಿರುವ ನಮ್ಮ ಊರುಗಳಲ್ಲಿ ಇದು ಇರಿಸುಮುರಿಸಿನ ವಿಷಯವೇ ಸರಿ. ಆದರೆ ವೈರಿಯ ಅನ್ಯಾಯ ಮಾತ್ರ ಕಣ್ಣಿಗೆ ಬೀಳುವ ನ್ಯಾಯಪ್ರಜ್ಞೆಯನ್ನು ನ್ಯಾಯಪ್ರಜ್ಞೆ ಎನ್ನಲಾಗದು.

ಸುಡಾನ್ ಕರ್ನಾಟಕಕ್ಕೆ ಅಷ್ಟೊಂದು ದೂರದ ದೇಶವೂ ಅಲ್ಲ. ಯುದ್ಧ ಸಿಡಿದಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರು ಗಿಡಮೂಲಿಕೆಯ ಔಷಧ ಮಾರಲು ಹೋಗಿ ಅಲ್ಲಿ ಸಿಲುಕಿದ್ದರು, ಕೆಲವರು ಇದೇ ಅಲ್ ಫಾಶಿರಿನಲ್ಲಿ. 'ಆಪರೇಷನ್ ಕಾವೇರಿ'ಯ ಮೂಲಕ ಸುಮಾರು 3,800 ಭಾರತೀಯರನ್ನು ಸರಕಾರ ಕರೆತಂದಿತು. ಅದು ಶ್ಲಾಘನೀಯ. ಆದರೆ ನಮ್ಮವರು ಮರಳಿದ ದಿನವೇ ನಮ್ಮ ಪತ್ರಿಕೆಗಳಲ್ಲಿ ಯುದ್ಧವೂ ಮುಗಿದುಹೋಯಿತು. ಹಕ್ಕಿಪಿಕ್ಕಿಗಳಿಂದ ಔಷಧ ಕೊಂಡ ಆ ನಗರದ ಜನರೇನಾದರು ಎಂದು ಯಾರೂ ಕೇಳಲಿಲ್ಲ.

ಏನು ಮಾಡಬಹುದು? ಮೊದಲನೆಯದಾಗಿ, ಸುಳ್ಳನ್ನು ಹರಡದಿರಬಹುದು. ಬೇರೆ ದೇಶದ, ಬೇರೆ ವರ್ಷದ ಚಿತ್ರಗಳಿಗೆ ಸುಡಾನಿನ ಹೆಸರು ಹಚ್ಚಿ ಮೊಬೈಲಿನಲ್ಲಿ ಹಂಚುವವನು ಸತ್ತವರಿಗೆ ಉಪಕಾರ ಮಾಡುವುದಿಲ್ಲ. ಉಬ್ಬಿಸಿದ ಅಂಕಿಯೊಂದು ಬಯಲಾದಾಗ ನಿಜವಾದ ಅಂಕಿಯನ್ನೂ ಜನರು ನಂಬದಾಗುತ್ತಾರೆ. ಎರಡನೆಯದಾಗಿ, ಬಾಂಬುಗಳ ನಡುವೆ ಸಾಮೂಹಿಕ ಅಡುಗೆಮನೆಗಳನ್ನು ನಡೆಸಿ, ಗಾಯಾಳುಗಳನ್ನು ಸಾಗಿಸಿ ಹಲವರು ಪ್ರಾಣತೆತ್ತ ಅಲ್ಲಿನ 'ತುರ್ತು ಸ್ಪಂದನ ಕೋಣೆ'ಗಳ ಯುವಕ ಯುವತಿಯರನ್ನು ನಮ್ಮ ಮಕ್ಕಳಿಗೆ ಪರಿಚಯಿಸಬಹುದು. 2025ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಮ್ಮಲ್ಲಿ ಎಷ್ಟು ಮಂದಿಗೆ ಅದು ಗೊತ್ತು? ಮೂರನೆಯದಾಗಿ, ಆಫ್ರಿಕದೊಂದಿಗಿನ ನಂಟನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಭಾರತವು ನಾಗರಿಕರ ರಕ್ಷಣೆಗಾಗಿ, ಸ್ವತಂತ್ರ ತನಿಖೆಗಾಗಿ ಗಟ್ಟಿಯಾಗಿ ಮಾತನಾಡಬೇಕೆಂದು ನಮ್ಮ ಸಂಸದರನ್ನು ಒತ್ತಾಯಿಸಬಹುದು.

ಸುಡಾನಿನಲ್ಲಿ ಎಷ್ಟು ಮಂದಿ ಸತ್ತರು, ಯಾವ ಊರಿನಲ್ಲಿ, ಯಾರ ಕೈಯಲ್ಲಿ ಸತ್ತರು ಎಂಬುದು ಅಲ್ಲಾಹನಿಗೆ ಗೊತ್ತಿದೆ. ಆದರೆ ಅವನ ಲೆಕ್ಕ ಅವನದು, ಆ ದಿನ ಬಂದಾಗ ಅದು ತೆರೆಯಲ್ಪಡುವುದು. ಇಲ್ಲಿನ ಲೆಕ್ಕವನ್ನು ಬರೆದಿಡುವ, ಓದುವ, ಕೇಳುವ ಹೊಣೆ ಮನುಷ್ಯರದ್ದು. ಆ ಹೊಣೆಯಿಂದ ನುಣುಚಿಕೊಂಡ ಸಮುದಾಯವು ನಾಳೆ ತನ್ನ ಸತ್ತವರನ್ನು ಎಣಿಸಿರೆಂದು ಯಾರ ಬಳಿ ಕೇಳೀತು?