ಚಂಡಮಾರುತ ಬಂದರೆ ಕಂತು ಮುಂದಕ್ಕೆ

2024ರ ಜೂನ್ 29ರಂದು ನಾವು ಟಿ-20 ವಿಶ್ವಕಪ್ ಗೆದ್ದ ಊರು ನೆನಪಿದೆಯಲ್ಲ? ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್. 1997ರ ಟೆಸ್ಟಿನಲ್ಲಿ 120 ರನ್ ಬೇಕಿದ್ದಾಗ 81ಕ್ಕೆ ಮುಗ್ಗರಿಸಿದ್ದೂ ಅಲ್ಲೇ. ಆ ಪಂದ್ಯ ಆಡಿದ್ದ ನಮ್ಮ ದ್ರಾವಿಡ್ ಈ ಸಲ ಕೋಚ್ ಆಗಿ ಅಲ್ಲೇ ಕಪ್ ಎತ್ತಿದರು. ಆದರೆ ಬೆರಿಲ್ ಚಂಡಮಾರುತದಿಂದ ತಂಡ ಅಲ್ಲೇ ಸಿಕ್ಕಿಹಾಕಿಕೊಂಡಿತು. ನಮ್ಮ ಮುಂಬೈನ ಮರೀನ್ ಡ್ರೈವ್‌ನಲ್ಲಿ ಮೆರವಣಿಗೆ ನಡೆದದ್ದು ಜುಲೈ 4ಕ್ಕೆ.

ನಮಗೆ ನಾಲ್ಕು ದಿನದ ಕಾತರ. ಅವರಿಗೆ ಪ್ರತಿ ವರ್ಷ ಜೂನ್‌ನಿಂದ ನವೆಂಬರ್‌ವರೆಗೆ ಇದೇ ಭಯ.

ಬಾರ್ಬಡೋಸ್ ಎಷ್ಟು ದೊಡ್ಡದು ಅಂತೀರಾ? ಸುಮಾರು 430 ಚದರ ಕಿಲೋಮೀಟರ್. ಮುಂಬೈಗಿಂತಲೂ ಚಿಕ್ಕದು, ಜನ 2.8 ಲಕ್ಷದಷ್ಟು. 1627ರಲ್ಲಿ ಬಂದು ನೆಲೆಸಿದ ಇಂಗ್ಲಿಷರು ಆಫ್ರಿಕಾದ ಗುಲಾಮರಿಂದ ಕಬ್ಬು ಬೆಳೆಸಿ ದುಡ್ಡು ಮಾಡಿಕೊಂಡರು. 1966ರಲ್ಲಿ ಸ್ವಾತಂತ್ರ್ಯ ಬಂತು. 2021ರಲ್ಲಿ ಬ್ರಿಟನ್ ರಾಣಿಯನ್ನು ಕೈಬಿಟ್ಟು ಗಣರಾಜ್ಯವಾಯಿತು. ಸೋಬರ್ಸ್, ವೊರೆಲ್ ಹುಟ್ಟಿದ ನೆಲ. ಈಗ ಮುಖ್ಯ ಆದಾಯ ಪ್ರವಾಸಿಗಳದು.

ಬ್ಯಾಂಕಿನವನಾದ ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಅವರ ಸಾಲದ ಪತ್ರ. 2018ರಲ್ಲಿ ಮಿಯಾ ಮೋಟ್ಲಿ ಪ್ರಧಾನಿಯಾದಾಗ ಸಾಲ ದೇಶದ ವಾರ್ಷಿಕ ಉತ್ಪನ್ನದ ಒಂದೂವರೆ ಪಟ್ಟು ಮೀರಿತ್ತು. ವಿದೇಶಿ ಸಾಲದ ಕಂತು ನಿಲ್ಲಿಸಿ, ಸಾಲಗಾರರ ಜತೆ ಕೂತು ಹೊಸ ಕರಾರು ಮಾಡಿಕೊಂಡರು. ಅದರಲ್ಲೊಂದು ಷರತ್ತು: ದೊಡ್ಡ ಚಂಡಮಾರುತ ಅಥವಾ ಭೂಕಂಪ ಬಂದರೆ ಎರಡು ವರ್ಷ ಅಸಲು, ಬಡ್ಡಿ ಎರಡನ್ನೂ ಮುಂದೂಡಬಹುದು.

"ಇದು ಸಾಲ ಕಟ್ಟದಿರಲು ನೆಪ ಅಷ್ಟೇ" ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಇದು ಮನ್ನಾ ಅಲ್ಲ. ಮುಂದೂಡಿದ ಬಡ್ಡಿ ಅಸಲಿಗೆ ಸೇರುತ್ತದೆ. ಹಾನಿ ಎಷ್ಟೆಂದು ಸಾಲ ಪಡೆದವರು ತಾವೇ ಹೇಳಿಕೊಂಡರೂ ಆಗದು, ಹೊರಗಿನ ಅಳತೆ ಬೇಕು. ಪಕ್ಕದ ಗ್ರೆನಡಾ ಇಂಥದೇ ಷರತ್ತನ್ನು ಮೊದಲೇ ಬರೆಸಿಕೊಂಡಿತ್ತು. ಅದೇ ಬೆರಿಲ್ ಅದರ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿದಾಗ, 2024ರಲ್ಲೇ ಆ ಷರತ್ತು ಬಳಸಿತು. ಮನೆಗಳಿಗೆ ಸೂರು ಹಾಕಿಸಬೇಕಾದ ದುಡ್ಡು ದೂರದ ಹೂಡಿಕೆದಾರರಿಗೆ ಬಡ್ಡಿಯಾಗಿ ಹೋಗಲಿಲ್ಲ.

ನಮ್ಮಲ್ಲೂ ಬರ ಬಿದ್ದಾಗ ಬೆಳೆಸಾಲದ ಗಡುವು ಮುಂದೂಡುವ ಪದ್ಧತಿ ಇದೆ. ಆದರೆ ಸರ್ಕಾರ ಘೋಷಿಸಬೇಕು, ಸುತ್ತೋಲೆ ಬರಬೇಕು. ಅಷ್ಟರಲ್ಲಿ ರೈತ ಕೈಸಾಲಕ್ಕೆ ಓಡಿರುತ್ತಾನೆ. ಬಾರ್ಬಡೋಸ್‌ನವರು ಕರಾರಿನಲ್ಲೇ ಬರೆಸಿದ್ದರಿಂದ ಆಪತ್ತಿನಲ್ಲಿ ಯಾರ ಕಾಲಿಗೂ ಬೀಳಬೇಕಿಲ್ಲ.

ಮೂವತ್ತು ವರ್ಷ ಸಾಲದ ಫೈಲು ನೋಡಿದ ಮೇಲೆ ಹೇಳುತ್ತಿದ್ದೇನೆ: ಮುಳುಗಿದವನಿಂದ ವಸೂಲಿ ಆಗುವುದಿಲ್ಲ, ಎದ್ದು ನಿಂತವನಿಂದ ಆಗುತ್ತದೆ. ಈ ಷರತ್ತು ನಮ್ಮ ಬೆಳೆಸಾಲದ ಪತ್ರದಲ್ಲೂ ಮೊದಲೇ ಅಚ್ಚಾಗಿರಬೇಕು. ನೀವೇನಂತೀರಿ?